ಎಸ್ಸೆಸ್ಸೆಲ್ಸಿಗೇ ಗಣಿತ ಬಿಟ್ಟವಳು, ಈಗ ಪ್ರಿಕ್ಯಾಲ್ಕುಲಸ್ ಮಾಡಬಹುದಾ?

ಪ್ರಶ್ನೆ: ನನ್ನ ಊರು ಹಾಸನ. ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಇದ್ದೇನೆ, ಎಚ್-4 ವೀಸಾ (ಇಲ್ಲಿ ಕೆಲಸದ ವೀಸಾದ ಮೇಲಿರುವವರ ಕುಟುಂಬದವರಿಗೆ ಕೊಡುವುದು). ಇಲ್ಲಿಗೆ ಬಂದು ಮೂರು ವರ್ಷವಾಯಿತು. ಪಿಯುಸಿಯಲ್ಲಿ ಎಚ್‌ಇಬಿಎ, ಆಮೇಲೆ ಬಿಕಾಂ. ಎಸ್ಸೆಸ್ಸೆಲ್ಸಿ ಆದಮೇಲೆ ಗಣಿತದ ಮುಖ ನೋಡಿಲ್ಲ. ಮಗಳು ಸ್ಕೂಲಿಗೆ ಸೇರಿದ್ದಾಳೆ, ಈಗ ನನಗೂ ಕಂಪ್ಯೂಟರ್ ಸೈನ್ಸ್ ಓದಬೇಕೆಂಬ ಆಸೆ. ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಫೀಸಿನ ಎರಡು ವರ್ಷದ ಸ್ಥಳೀಯ ಕಾಲೇಜು) ಪ್ರಿಕ್ಯಾಲ್ಕುಲಸ್‌ನಿಂದ, ಅಂದರೆ ಕ್ಯಾಲ್ಕುಲಸ್‌ಗೆ ಮುಂಚಿನ ತಯಾರಿ ಗಣಿತದಿಂದ, ಶುರು ಮಾಡು ಎಂದು ಗೆಳತಿ ಹೇಳಿದಳು. ಪುಸ್ತಕ ತೆರೆದು ನೋಡಿದರೆ ಒಂದು ಸಾಲೂ ತಲೆಗೆ ಹೋಗಲಿಲ್ಲ. ನನ್ನಿಂದ ಆಗುತ್ತಾ? ಎಷ್ಟು ಖರ್ಚು? ವೀಸಾ ಅಡ್ಡಿಯಾಗುತ್ತಾ?

ಉತ್ತರ: ಆಗುತ್ತೆ. ಆದರೆ ಪ್ರಿಕ್ಯಾಲ್ಕುಲಸ್ ಪುಸ್ತಕದಿಂದ ಶುರು ಮಾಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ವೀಸಾ, ಫೀಸ್ ಮುಗಿಸೋಣ.

ಎಚ್-4ನಲ್ಲಿ ಇದ್ದುಕೊಂಡೇ ಓದಬಹುದು, ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸುವ ಗೋಜು ಬೇಡ. ಒಂದೇ ಕೋರ್ಸ್ ತೆಗೆದುಕೊಂಡರೂ ಸರಿ. ಎಚ್-4ನವರನ್ನೂ ಈ ರಾಜ್ಯದ ಕಾಲೇಜುಗಳು ಫೀಸಿನ ಮಟ್ಟಿಗೆ ಕ್ಯಾಲಿಫೋರ್ನಿಯಾ ನಿವಾಸಿ ಎಂದು ಪರಿಗಣಿಸುತ್ತವೆ. ಅದಕ್ಕೆ ಇಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ವಾಸವಾಗಿದ್ದು, ದಾಖಲೆ ತೋರಿಸಬೇಕು. ಡ್ರೈವಿಂಗ್ ಲೈಸೆನ್ಸ್, ಮನೆ ಬಾಡಿಗೆ ಕರಾರು, ಟ್ಯಾಕ್ಸ್ ಕಾಗದ ತೆಗೆದಿಟ್ಟುಕೊಳ್ಳಿ. ಇಲ್ಲಿ ಕೋರ್ಸಿನ ತೂಕವನ್ನು ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ, ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್. ಐದು ಯೂನಿಟ್‌ನ ಕೋರ್ಸಿಗೆ 230 ಡಾಲರ್, ಜೊತೆಗೆ ಸಣ್ಣಪುಟ್ಟ ಶುಲ್ಕ. ಹೊರಗಿನವರು ಎಂದು ನಮೂದಾದರೆ ಇದೇ ಕೋರ್ಸ್ ಸಾವಿರ ಡಾಲರ್ ದಾಟುತ್ತದೆ. ಹಾಗಾಗಿ ಅರ್ಜಿ ತುಂಬುವಾಗ ನಿವಾಸದ ಪ್ರಶ್ನೆಗಳ ಹತ್ತಿರ ಅವಸರ ಬೇಡ. ಫೆಡರಲ್ ಧನಸಹಾಯ ಮಾತ್ರ ಎಚ್-4ನವರಿಗೆ ಸಿಗುವುದಿಲ್ಲ.

ಪುಸ್ತಕಕ್ಕೆ ದುಡ್ಡು ಸುರಿಯಬೇಡಿ. ಕೆಲವು ತರಗತಿಗಳಲ್ಲಿ ಪುಸ್ತಕಕ್ಕೆ, ಹೋಂವರ್ಕ್ ಸಾಫ್ಟ್‌ವೇರಿಗೆ ಕೊಡುವ ಹಣ ಫೀಸಿನ ಹತ್ತಿರ ಹತ್ತಿರ ಬಂದುಬಿಡುತ್ತದೆ. ಕಾಲೇಜಿನ ವೇಳಾಪಟ್ಟಿಯಲ್ಲಿ ಪಠ್ಯಪುಸ್ತಕದ ಖರ್ಚಿಲ್ಲ ಎಂಬ ಗುರುತಿರುವ ತರಗತಿಗಳನ್ನು ಹುಡುಕಿ. ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ ಸಂಸ್ಥೆ ಪ್ರಿಕ್ಯಾಲ್ಕುಲಸ್ ಪಠ್ಯವನ್ನು ಉಚಿತವಾಗಿ ಕೊಡುತ್ತದೆ, ಹಲವು ಅಧ್ಯಾಪಕರು ಅದನ್ನೇ ಪಾಠಕ್ಕೆ ಇಡುತ್ತಾರೆ.

ಇನ್ನು ಈ ಕೋರ್ಸ್ ನಿಮಗೆ ನಿಜಕ್ಕೂ ಬೇಕಾ? ಕಂಪ್ಯೂಟರ್ ಸೈನ್ಸ್ ಡಿಗ್ರಿಯೇ ಗುರಿ ಅಂತಾದರೆ ಬೇಕು. ಅಲ್ಲಿ ಕ್ಯಾಲ್ಕುಲಸ್ ತಪ್ಪಿಸಿಕೊಳ್ಳಲಾಗದು, ಅದರ ಹೊಸ್ತಿಲೇ ಪ್ರಿಕ್ಯಾಲ್ಕುಲಸ್. ಆದರೆ ಬಿಕಾಂ ಮಾಡಿದ ಎಷ್ಟೋ ಜನರಿಗೆ ಮನಸ್ಸಿನಲ್ಲಿ ಇರುವುದು ಒಂದು ಒಳ್ಳೆ ಕೆಲಸ, ಬಾಯಲ್ಲಿ ಬರುವುದು ಕಂಪ್ಯೂಟರ್ ಸೈನ್ಸ್. ಅಕೌಂಟಿಂಗ್ ಅಥವಾ ನರ್ಸಿಂಗ್ ಕಡೆ ಹೋಗುವವರಿಗೆ ಸಾಮಾನ್ಯವಾಗಿ ಸ್ಟ್ಯಾಟಿಸ್ಟಿಕ್ಸ್ ಹೆಚ್ಚು ಉಪಯೋಗ, ಅದಕ್ಕೆ ಪ್ರಿಕ್ಯಾಲ್ಕುಲಸ್ ಬೇಕಿಲ್ಲ. ಅಸಿಸ್ಟ್ ಎಂಬ ಅಧಿಕೃತ ಜಾಲತಾಣದಲ್ಲಿ ನಿಮ್ಮ ಕಾಲೇಜು, ಮುಂದೆ ಸೇರಬೇಕೆಂದಿರುವ ಯೂನಿವರ್ಸಿಟಿ, ವಿಷಯ ಮೂರನ್ನೂ ಆರಿಸಿ. ಯಾವ ಗಣಿತ ಕೋರ್ಸ್ ಬೇಕು ಅಂತ ಪಟ್ಟಿ ಬರುತ್ತದೆ. ಗೆಳತಿಯ ಮಾತಿಗಿಂತ ಆ ಪಟ್ಟಿ ನಂಬಿ.

ಈಗ ಮುಖ್ಯ ವಿಷಯ. ಪ್ರಿಕ್ಯಾಲ್ಕುಲಸ್‌ನಲ್ಲಿ ಏನಿರುತ್ತದೆ? ಫಂಕ್ಷನ್‌ಗಳು, ಅವುಗಳ ಗ್ರಾಫ್, ಬಹುಪದಗಳು, ಘಾತ ಮತ್ತು ಲಾಗರಿದಮ್, ತ್ರಿಕೋನಮಿತಿ. ಕೆಲವೆಡೆ ಶಂಕುಜಗಳು, ಶ್ರೇಢಿಗಳೂ ಸೇರುತ್ತವೆ. ನಮ್ಮ ಕಡೆ ಪ್ರಥಮ ಪಿಯುಸಿ ಸೈನ್ಸ್‌ನ ಗಣಿತ ಓದಿದವರಿಗೆ ಇದರಲ್ಲಿ ಮುಕ್ಕಾಲು ಪಾಲು ಹಳೆಯ ಪರಿಚಯ. ನಿಮಗೆ ಪಿಯುಸಿಯ ಆ ಗಣಿತ ಪಾಠ ಸಿಕ್ಕಿಲ್ಲ. ಆದರೆ ಸೈನ್, ಕಾಸ್‌ಗಳ ಕೋಷ್ಟಕವನ್ನು ಎಸ್ಸೆಸ್ಸೆಲ್ಸಿಗೆ ಬಾಯಿಪಾಠ ಮಾಡಿದ್ದೀರಿ, ಅಲ್ವಾ? ಸೊನ್ನೆ, 30, 45, 60, 90 ಡಿಗ್ರಿ. ಇಲ್ಲಿ ಅದನ್ನೇ ವೃತ್ತದ ಸುತ್ತ ಪೂರ್ತಿ 360ರವರೆಗೆ ಎಳೆಯುತ್ತಾರೆ, ಡಿಗ್ರಿ ಬದಲು ರೇಡಿಯನ್ ಬಳಸುತ್ತಾರೆ.

ತ್ರಿಕೋನಮಿತಿಗೆ ಹೆದರಿ ಬರುವವರೇ ಜಾಸ್ತಿ. ಆದರೆ ನಾನು ನೋಡಿದಂತೆ ಈ ಕೋರ್ಸಿನಲ್ಲಿ ಜನ ಮುಗ್ಗರಿಸುವುದು ಒಂಬತ್ತನೇ ಕ್ಲಾಸಿನ ಬೀಜಗಣಿತದಲ್ಲಿ. √(ಎಕ್ಸ್² + 9) ಎಂದರೆ ಎಕ್ಸ್ + 3 ಅಂತ ಸರಾಗವಾಗಿ ಬರೆದುಬಿಡುತ್ತಾರೆ. ಎಕ್ಸ್‌ಗೆ 4 ಹಾಕಿ ನೋಡಿ. ಒಳಗೆ 25, ವರ್ಗಮೂಲ 5. ಅವರು ಬರೆದದ್ದರಲ್ಲಿ 7 ಬರುತ್ತದೆ. ಒಂದು ಸಂಖ್ಯೆ ಹಾಕಿ ನೋಡುವ ಈ ಅಭ್ಯಾಸ ಇಟ್ಟುಕೊಂಡರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತವೆ.

ಕೋರ್ಸಿಗೆ ಹೆಸರು ಕೊಡುವ ಮೊದಲು ಮನೆಯಲ್ಲಿ ಈ ಮೂರು ಮಾಡಿ ನೋಡಿ. ಎಕ್ಸ್² − 5ಎಕ್ಸ್ + 6 ಅನ್ನು ಅಪವರ್ತಿಸಿ. 1/ಎಕ್ಸ್ ಮತ್ತು 1/(ಎಕ್ಸ್ + 1) ಎರಡನ್ನೂ ಕೂಡಿಸಿ ಒಂದೇ ಭಿನ್ನರಾಶಿಯಾಗಿ ಬರೆಯಿರಿ. 2ಎಕ್ಸ್ − 3ವೈ = 12 ಎಂಬ ಗೆರೆಯ ಇಳಿಜಾರು ಎಷ್ಟು ಹೇಳಿ (ಉತ್ತರ 2/3). ಮೂರೂ ಬಂದರೆ ನೇರ ಸೇರಿ. ಎರಡನೆಯದು ಬರಲಿಲ್ಲವೆಂದರೆ ಎರಡು ತಿಂಗಳು ಬೀಜಗಣಿತಕ್ಕೆ ಕೊಡಿ. ಖಾನ್ ಅಕಾಡೆಮಿಯಲ್ಲಿ ಎಲ್ಲವೂ ಪುಕ್ಕಟೆ ಇದೆ. ನಾನ್-ಕ್ರೆಡಿಟ್ (ಡಿಗ್ರಿಯ ಲೆಕ್ಕಕ್ಕೆ ಸೇರದ) ಗಣಿತ ತರಗತಿ ನಡೆಸುವ ಕಾಲೇಜುಗಳೂ ಇವೆ, ಅದಕ್ಕೆ ಫೀಸ್ ಇಲ್ಲ, ಮಾರ್ಕ್ಸ್‌ನ ತಲೆನೋವೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕ್ಯಾಲಿಫೋರ್ನಿಯಾದಲ್ಲಿ 2017ರ ಎಬಿ 705, ಆಮೇಲೆ 2022ರ ಎಬಿ 1705 ಎಂಬ, ತಯಾರಿ ಕೋರ್ಸುಗಳಿಗೆ ಕಡಿವಾಣ ಹಾಕುವ ಕಾನೂನುಗಳು ಬಂದವು. ತಯಾರಿಯ ಕೋರ್ಸುಗಳಲ್ಲೇ ವಿದ್ಯಾರ್ಥಿಗಳು ವರ್ಷಗಟ್ಟಲೆ ಸಿಕ್ಕಿಕೊಂಡು, ಕೊನೆಗೆ ಕಾಲೇಜನ್ನೇ ಬಿಡುತ್ತಿದ್ದರು ಅನ್ನುವುದು ಇದರ ಹಿಂದಿನ ಕಾರಣ. ಈಗ ಎಂಜಿನಿಯರಿಂಗ್, ಕಂಪ್ಯೂಟರ್ ಕಡೆಯವರನ್ನು ನೇರ ಕ್ಯಾಲ್ಕುಲಸ್‌ಗೆ ಕೂರಿಸಿ, ಜೊತೆಗೊಂದು ಸಹಾಯದ ತರಗತಿ ಕೊಡುವ ಕಡೆ ಕಾಲೇಜುಗಳು ವಾಲುತ್ತಿವೆ. ಕೌನ್ಸೆಲರ್ ನಿಮಗೂ ಹಾಗೇ ಹೇಳಬಹುದು. ಹೈಸ್ಕೂಲಿನಿಂದ ಆಗ ತಾನೇ ಬಂದವರಿಗೆ ಅದು ಸರಿಹೋಗಬಹುದು. ನಿಮ್ಮಂತೆ ಗಣಿತ ಬಿಟ್ಟು ಬಹಳ ವರ್ಷವಾದವರು, ಮನೆಯಲ್ಲಿ ಚಿಕ್ಕ ಮಗು ಇರುವವರು ಪ್ರಿಕ್ಯಾಲ್ಕುಲಸ್ ಕೇಳಿ ಪಡೆಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಿದೇ ಕೌನ್ಸೆಲರ್ ಹತ್ತಿರ ಹೋಗಿ. ಪಿಯುಸಿಯಲ್ಲಿ ಗಣಿತ ಇರಲಿಲ್ಲ ಅನ್ನುವುದು ಅದರಲ್ಲೇ ಕಾಣುತ್ತದೆ, ವಾದ ಮಾಡುವ ಕೆಲಸ ತಪ್ಪುತ್ತದೆ. (ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಇದ್ದರೆ ಮದುವೆ ಸರ್ಟಿಫಿಕೇಟೂ ಚೀಲದಲ್ಲಿರಲಿ.)

ತರಗತಿ ಶುರುವಾದ ಮೇಲೆ ಒಂದು ವ್ಯತ್ಯಾಸ ನಿಮಗೆ ಕಾಣುತ್ತದೆ. ನಾವು ಸೂತ್ರ ಹಾಕಿ ಉತ್ತರ ತೆಗೆದು ಬೆಳೆದವರು. ಇಲ್ಲಿ ಗ್ರಾಫ್ ಹೇಗೆ ಕಾಣುತ್ತದೆ, ಯಾಕೆ ಹಾಗೆ ಅಂತ ಕೇಳುತ್ತಾರೆ. ಎಕ್ಸ್²ದ ಗ್ರಾಫ್ ಗೊತ್ತಿದ್ದರೆ (ಎಕ್ಸ್ − 3)² ಎಲ್ಲಿರುತ್ತದೆ? ಮೈನಸ್ ನೋಡಿ ಎಡಕ್ಕೆ ಅನ್ನುವವರೇ ಹೆಚ್ಚು. ಅದು ಬಲಕ್ಕೆ ಹೋಗುತ್ತದೆ, ಯಾಕೆಂದರೆ ಆವರಣದ ಒಳಗೆ ಸೊನ್ನೆಯಾಗುವುದು ಎಕ್ಸ್ 3 ಆದಾಗ. ಡೆಸ್ಮಾಸ್ ಎಂಬ ಉಚಿತ ಗ್ರಾಫ್ ತಾಣದಲ್ಲಿ ಆ 3ನ್ನು ಬದಲಾಯಿಸುತ್ತಾ ಹತ್ತು ನಿಮಿಷ ಆಟವಾಡಿ, ಮರೆಯುವುದಿಲ್ಲ.

ಇನ್ನೊಂದು ಮಾದರಿ ಪರೀಕ್ಷೆಯಲ್ಲಿ ಬಂದೇ ಬರುತ್ತದೆ. ಬೇಸ್ 2ರಲ್ಲಿ, ಲಾಗ್ ಎಕ್ಸ್ + ಲಾಗ್ (ಎಕ್ಸ್ − 2) = 3. ಎರಡು ಲಾಗ್ ಕೂಡಿಸಿದರೆ ಒಳಗಿನವು ಗುಣಾಕಾರವಾಗುತ್ತವೆ, ಹಾಗಾಗಿ ಎಕ್ಸ್(ಎಕ್ಸ್ − 2) = 8. ಬಿಡಿಸಿದರೆ 4 ಮತ್ತು −2. ಎರಡನ್ನೂ ಬರೆದು ಬಂದರೆ ಮಾರ್ಕ್ಸ್ ಹೋಗುತ್ತದೆ. ಋಣ ಸಂಖ್ಯೆಗೆ ಲಾಗ್ ಇಲ್ಲ, −2 ಬಿದ್ದುಹೋಯಿತು, ಉತ್ತರ 4 ಮಾತ್ರ. ಯಾಕೆ ಬಿಟ್ಟೆ ಅಂತ ಒಂದು ಸಾಲು ಬರೆಯಿರಿ. ಹಾಗೇ ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿದೆಯಾ ಡಿಗ್ರಿಯಲ್ಲಿದೆಯಾ ನೋಡಿ. ಸೈನ್ 30 ಒತ್ತಿದಾಗ ಅರ್ಧ ಬರದೆ −0.988 ಬಂತು ಅಂದರೆ ರೇಡಿಯನ್‌ನಲ್ಲಿದೆ.

ಸಮಯದ ಲೆಕ್ಕ ಹೀಗೆ. ಒಂದು ಯೂನಿಟ್‌ಗೆ ವಾರಕ್ಕೆ ಸುಮಾರು ಮೂರು ಗಂಟೆ, ಪಾಠ ಮತ್ತು ಓದು ಸೇರಿ. ಐದು ಯೂನಿಟ್ ಅಂದರೆ ಹದಿನೈದು ಗಂಟೆ. ಮಗಳು ಸ್ಕೂಲಿನಲ್ಲಿರುವ ಹೊತ್ತಿನಲ್ಲಿ ಇದು ಹಿಡಿಸುತ್ತೆ, ಆದರೆ ಮೊದಲ ಸಲಕ್ಕೆ ಇದೊಂದೇ ಕೋರ್ಸ್ ಸಾಕು. ನಿಮ್ಮೂರಿನ ಓಲೋನಿ ಕಾಲೇಜಿನಲ್ಲಿ ಸೆಮಿಸ್ಟರ್ ಪದ್ಧತಿ. ಕೂಪರ್ಟಿನೋದ ಡಿ ಆನ್ಜಾ ಕಾಲೇಜಿನಲ್ಲಿ ಕ್ವಾರ್ಟರ್ ಪದ್ಧತಿ, ಅವಧಿ ಚಿಕ್ಕದು, ಹಾಗಾಗಿ ಅಲ್ಲಿ ಓಟ ಜೋರು. ನಿಮಗೆ ಸೆಮಿಸ್ಟರ್ರೇ ವಾಸಿ. ಮನೆಯಲ್ಲೇ ಕೂತು ಆನ್‌ಲೈನ್ ಮಾಡುವ ಆಸೆ ಬರುತ್ತದೆ, ಮೊದಲ ಗಣಿತ ಕೋರ್ಸಿಗೆ ಬೇಡ. ಅಧ್ಯಾಪಕರ ಆಫೀಸ್ ಅವರ್ಸ್‌ಗೆ (ವಿದ್ಯಾರ್ಥಿಗಳು ಬಂದು ಸಂದೇಹ ಕೇಳಲು ಇಟ್ಟ ಹೊತ್ತು) ಹೋಗಿ. ಹೋಗಿ ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ನಮ್ಮ ಸಂಕೋಚ ಇಲ್ಲಿ ಯಾರಿಗೂ ಅರ್ಥವೇ ಆಗುವುದಿಲ್ಲ. ಟ್ಯೂಟರಿಂಗ್ ಸೆಂಟರ್ ಕೂಡ ಉಚಿತ.

ಮೊದಲ ಟೆಸ್ಟ್ ಕೈಕೊಟ್ಟರೆ ಸುಮ್ನೆ ಹೆದರಿ ಬಿಟ್ಟುಬಿಡಬೇಡಿ, ಸುಮ್ನೆ ಎಳೆದುಕೊಂಡೂ ಹೋಗಬೇಡಿ. ಆರಂಭದ ವಾರಗಳಲ್ಲಿ ಬಿಟ್ಟರೆ ದಾಖಲೆಯಲ್ಲಿ ಏನೂ ಕಾಣುವುದಿಲ್ಲ. ಅವಧಿಯ ಮುಕ್ಕಾಲು ಭಾಗದೊಳಗೆ ಬಿಟ್ಟರೆ ಡಬ್ಲ್ಯೂ (ವಿತ್‌ಡ್ರಾ, ಕೋರ್ಸ್ ಬಿಟ್ಟರು) ಅಂತ ಬೀಳುತ್ತದೆ, ಅದು ಫೇಲ್ ಅಲ್ಲ. ಎರಡೂ ಕೊನೆಯ ದಿನಾಂಕಗಳನ್ನು ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ಪ್ರಶ್ನೆ: ನನ್ನ ಮಗ ಸ್ಯಾನ್ ಹೋಸೆಯಲ್ಲಿ ಹೈಸ್ಕೂಲ್ ಹತ್ತನೇ ತರಗತಿ. ಬೇಸಿಗೆ ರಜೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಪ್ರಿಕ್ಯಾಲ್ಕುಲಸ್ ಮುಗಿಸಿ, ಮುಂದಿನ ವರ್ಷವೇ ಎಪಿ ಕ್ಯಾಲ್ಕುಲಸ್‌ಗೆ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸ್) ಹೋಗಬೇಕು ಅಂತಾನೆ. ಅವನ ಗೆಳೆಯರೆಲ್ಲ ಮಾಡುತ್ತಿದ್ದಾರೆ. ಕಳಿಸಲಾ?

ಉತ್ತರ: ಗೆಳೆಯರೆಲ್ಲ ಮಾಡುತ್ತಿದ್ದಾರೆ ಅನ್ನುವುದೇ ಕಾರಣವಾದರೆ ಬೇಡ. ಒಂದು ಸೆಮಿಸ್ಟರ್ ಪಾಠವನ್ನು ಬೇಸಿಗೆಯಲ್ಲಿ ಆರರಿಂದ ಎಂಟು ವಾರಕ್ಕೆ ಅದುಮಿಡುತ್ತಾರೆ. ಎರಡು ದಿನ ತಪ್ಪಿಸಿಕೊಂಡರೆ ಒಂದು ಅಧ್ಯಾಯವೇ ಹೋಗಿರುತ್ತದೆ, ಆ ರಜೆಯಲ್ಲಿ ಊರಿಗೆ ಹೋಗುವ ಟಿಕೆಟ್ ಇದ್ದರೆ ಯೋಚನೆಯೇ ಬೇಡ. ಅಲ್ಲಿ ಬಂದ ಗ್ರೇಡ್ ಅವನ ಕಾಲೇಜು ದಾಖಲೆಯಲ್ಲಿ ಕಾಯಂ ಉಳಿಯುತ್ತದೆ, ಮುಂದೆ ಯೂನಿವರ್ಸಿಟಿ ಅರ್ಜಿಯಲ್ಲಿ ತೋರಿಸಲೇಬೇಕು. ಪ್ರಿಕ್ಯಾಲ್ಕುಲಸ್‌ಗೆ ಮುಂಚಿನ ಆಲ್ಜೀಬ್ರಾ 2ರಲ್ಲಿ ಸಲೀಸಾಗಿ ಎ ತಗೊಂಡಿದ್ದರೆ, ರಜೆಯನ್ನು ಇದಕ್ಕೇ ಕೊಡಲು ಅವನೇ ಸಿದ್ಧನಿದ್ದರೆ ಕಳಿಸಿ. ಬಿ ಬಂದಿದೆ ಅಂದರೆ ಹೈಸ್ಕೂಲಿನಲ್ಲೇ ಒಂದು ವರ್ಷ ನಿಧಾನವಾಗಿ ಮಾಡಲಿ. ಕಳಿಸುವುದಾದರೆ ಮೊದಲು ಹೈಸ್ಕೂಲ್ ಕೌನ್ಸೆಲರ್‌ರನ್ನು ಕೇಳಿ, ಈ ಕೋರ್ಸನ್ನು ಒಪ್ಪಿಕೊಂಡು ಎಪಿ ತರಗತಿಗೆ ಕೂರಿಸುತ್ತೇವೆ ಅಂತ ಬರಹದಲ್ಲಿ ಪಡೆಯಿರಿ. ಸೇರಲು ಶಾಲೆಯ ಸಹಿಯಿರುವ ಅನುಮತಿ ಪತ್ರ ಹೇಗೂ ಬೇಕು, ಎರಡೂ ಕೆಲಸ ಒಟ್ಟಿಗೇ ಆಗುತ್ತದೆ.