ಸೋಮವಾರ ಹೊರಟು ಸೋಮವಾರವೇ ತಲುಪುವುದು ಹೇಗೆ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇನೆ. ಬೆಂಗಳೂರಿನಿಂದ ನೇರ ವಿಮಾನವಾದರೆ ಸೋಮವಾರ ಮಧ್ಯಾಹ್ನ ಹೊರಟು ಸೋಮವಾರ ಸಂಜೆಯೇ ಇಳಿಯಬಹುದು ಎನ್ನುತ್ತಾರೆ ಅಳಿಯಂದಿರು. ಅಮೆರಿಕ ಅಷ್ಟು ಹತ್ತಿರವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಹತ್ತಿರವಲ್ಲ ತಾಯಿ, ಸುಮಾರು 14,000 ಕಿಲೋಮೀಟರ್. ಆದರೂ ಅಳಿಯಂದಿರು ಹೇಳಿದ್ದು ನಿಜ. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ನಮ್ಮಲ್ಲಿ ಮಂಗಳವಾರ ಬೆಳಗಿನ 6 ಗಂಟೆ. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಹಾಗಾಗಿ ಅಲ್ಲಿನ್ನೂ ಸೋಮವಾರ ಸಂಜೆ ನಾಲ್ಕೂವರೆ!

ನಿಮ್ಮ ಪತ್ರ ಓದಿ ಮಗನ ಗ್ಲೋಬ್ ತಂದು, ಹೊಲಿಗೆ ದಾರವನ್ನು ಎರಡೂ ಊರುಗಳ ನಡುವೆ ಬಿಗಿಯಾಗಿ ಎಳೆದು ಹಿಡಿದೆ. ದಾರ ನೆಟ್ಟಗೆ ಪೂರ್ವಕ್ಕೆ ಹೋಗಲಿಲ್ಲ. ಟಿಬೆಟ್, ಸೈಬೀರಿಯಾ ದಾಟಿ, ಆರ್ಕ್ಟಿಕ್ ಅಂಚನ್ನು ಸವರಿ, ಅಲಾಸ್ಕಾದ ಮೇಲಿಂದ ಇಳಿಯಿತು. ಅತಿ ಹತ್ತಿರದ ದಾರಿ ಅದೇ. ಆದರೆ ವಿಮಾನಗಳು ಗಾಳಿ ನೋಡಿಕೊಂಡು ಹಾದಿ ಬದಲಿಸುತ್ತವೆ. ಶಾಂತಸಾಗರದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಬೆನ್ನಿಗೆ ಸಿಕ್ಕರೆ, ಸುತ್ತು ದಾರಿಯಲ್ಲೂ ಸಮಯ ಉಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಆ ಊರಿನಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿದದ್ದು ನನಗೆ ಇಂದಿಗೂ ಹೆಮ್ಮೆ.

ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ನೀರು ಕುಡಿಯುತ್ತಿರಿ. ದಿನದ ಮಾತ್ರೆಗಳಿದ್ದರೆ ಯಾವ ಹೊತ್ತಿಗೆ ನುಂಗಬೇಕೆಂದು ಹೊರಡುವ ಮುನ್ನವೇ ವೈದ್ಯರಿಂದ ಬರೆಸಿಕೊಂಡು, ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.