ಗೇಣಿ ಕಂಡ ಊರಿನಲ್ಲಿ ‘ಹಿಂದಿನ ಕಾಲ’ ಅನ್ನಬೇಡಿ

ಭೂಸುಧಾರಣೆಯಲ್ಲಿ ಜಮೀನು ಸಿಕ್ಕ ಊರಿನವರನ್ನು ಸಾವಯವ ಕೃಷಿಗೆ ಒಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ. ಒಪ್ಪಿಸಲು ಹೋಗಿ ಮಾನ ಕಳೆದುಕೊಂಡವನು ನಾನು, ಕೇಳಿ.

ನಮ್ಮೂರು ಸಾಗರ ತಾಲ್ಲೂಕು, ವರದಾ ಹೊಳೆ ಬದಿ. ಅಜ್ಜ ಗೇಣಿದಾರ, ಅಂದರೆ ಜಮೀನು ಒಡೆಯರ ಗದ್ದೆ ಉತ್ತು ಬಾಡಿಗೆಗೆ ಭತ್ತ ಅಳೆಯುತ್ತಿದ್ದವರು. ಉಳುವವನಿಗೇ ಭೂಮಿ ಅನ್ನುವ 1974ರ ಕಾನೂನು ಬಂದಾಗ ಗೇಣಿದಾರರ ಅರ್ಜಿ, ಫಾರಂ ನಂಬರ್ 7 ಹಾಕಿ ಎರಡೂವರೆ ಎಕರೆ ಗದ್ದೆ ತಮ್ಮ ಹೆಸರಿಗೆ ಮಾಡಿಕೊಂಡರು. ನಾನು ಆರು ವರ್ಷ ಬೆಂಗಳೂರಲ್ಲಿದ್ದು ವಾಪಸ್ ಬಂದೆ. ನೋಡಿದರೆ ಅರ್ಧ ಗದ್ದೆಯಲ್ಲಿ ಶುಂಠಿ, ಉಳಿದಿದ್ದರಲ್ಲಿ ಅಡಿಕೆ ಸಸಿ. ಹೊಟ್ಟೆ ಉರಿಯಿತು. ದೇವಸ್ಥಾನದ ಜಗಲಿಯಲ್ಲಿ ಮೀಟಿಂಗ್ ಕರೆದೆ.

ತಪ್ಪಾಗಿದ್ದು ಅಲ್ಲೇ. "ನಮ್ಮ ಹಿಂದಿನವರ ಹಾಗೆ ಬದುಕೋಣ, ಗೊಬ್ಬರಕ್ಕೆ ಬೆಟ್ಟದಿಂದ ಸೊಪ್ಪು ತಂದು ಹಾಕೋಣ" ಅಂದುಬಿಟ್ಟೆ. ಹಿಂದೆ ಕೂತಿದ್ದ ಅಜ್ಜನೊಬ್ಬರು ಎಲೆಅಡಿಕೆ ಉಗಿದು ಕೇಳಿದರು: "ಹಂಗಾರೆ ಗೇಣಿ ಭತ್ತ ಯಾರ ಮನೆಗೆ ಹೊರಬೇಕು, ಹೇಳು ತಮಾ?"

ಜನ ನಕ್ಕರು. ನನಗೆ ನಗು ಬರಲಿಲ್ಲ. ಆ ಅಜ್ಜ ಹುಡುಗರಾಗಿದ್ದಾಗ ಸೊಪ್ಪು ಕಡಿದು ತಲೆ ಮೇಲೆ ಹೊತ್ತಿದ್ದು ಒಡೆಯರ ತೋಟಕ್ಕೆ, ಬಿಟ್ಟಿಯಾಗಿ. ಗೇಣಿ ಅಳೆಯುವ ಕೊಳಗ ದೊಡ್ಡದು ಅಂತ ಜಗಳ ಎದ್ದೇ ಅಲ್ವಾ 1951ರಲ್ಲಿ ನಮ್ಮ ತಾಲ್ಲೂಕಿನಲ್ಲೇ ಗೇಣಿದಾರರ ಕಾಗೋಡು ಸತ್ಯಾಗ್ರಹ ಆಗಿದ್ದು? ನಾನು ಶಾಲೆಯಲ್ಲಿ ಓದಿದ್ದೆ, ನಮ್ಮ ಮನೆಯಲ್ಲೇ ಕೇಳಿದ್ದೆ. ಆದರೂ ಆ ಬಾಯಲ್ಲೇ ‘ಹಿಂದಿನ ಕಾಲ ಚಂದ’ ಅಂದೆ. ನನ್ನ ಮಾತು ಅವರ ಕಿವಿಗೆ ಒಡೆಯರ ಮಾತಾಗಿ ಬಿತ್ತು. ಯೂರಿಯಾ ಮೂಟೆ ಅವರಿಗೆ ಬರೀ ಗೊಬ್ಬರ ಅಲ್ಲ, ತಲೆ ಹೊರೆ ಇಳಿಸಿದ್ದು ಅದು. ಆಮೇಲೆ ಎರಡು ವರ್ಷ ನಾನು ಏನೇ ಹೇಳಲಿ, "ಸೊಪ್ಪಿನ ಸಾಹೇಬ್ರು ಬಂದ್ರು" ಅನ್ನುತ್ತಿದ್ದರು. ಜೇನುಪೆಟ್ಟಿಗೆ ಸಬ್ಸಿಡಿ ವಿಷಯ ಹೇಳಿದರೂ ಅದೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರಾಗಬೇಡಿ. ಒಪ್ಪಿಸಲು ನೀವು ಯಾರು? ನಮ್ಮಜ್ಜನ ಎರಡೂವರೆ ಎಕರೆ ನಾಲ್ಕು ಜನರಿಗೆ ಹಂಚಿದರೆ ಒಬ್ಬನಿಗೆ 25 ಗುಂಟೆ. ಶುಂಠಿ ಹಾಕುವವನು ಬಂದು ವರ್ಷದ ಗುತ್ತಿಗೆ ದುಡ್ಡು ಮುಂಗಡ ಎಣಿಸುತ್ತಾನೆ. ನೀವು ಏನು ಎಣಿಸುತ್ತೀರಿ? ಇಳುವರಿ ಬಿದ್ದ ವರ್ಷ ಮಗಳ ಹಾಸ್ಟೆಲ್ ಫೀಸ್ ಯಾರು ಕಟ್ಟುತ್ತಾರೆ? ಇದಕ್ಕೆ ಉತ್ತರ ಇಲ್ಲದೆ ಸಗಣಿ, ಗಂಜಲದ ದ್ರವಗೊಬ್ಬರ ಜೀವಾಮೃತದ ತರಬೇತಿ ಸುಮ್ನೆ ದಂಡ. ಮೊದಲು ನಿಮ್ಮ ಗದ್ದೆಯಲ್ಲೇ ಮಾಡಿ, ಲಾಸ್ ನೀವೇ ತಿನ್ನಿ.

ನಮ್ಮೂರಲ್ಲಿ ಒಂದೇ ಒಂದು ಬದಲಾವಣೆ ಆಗಿದೆ, ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಹೊಳೆ ಬದಿಯ ತಗ್ಗು ಗದ್ದೆಗೆ ನೆರೆ ನುಗ್ಗಿ ಹೈಬ್ರಿಡ್ ಭತ್ತ ಕೊಳೆತುಹೋಯಿತು. ನನ್ನನ್ನು ಗೇಲಿ ಮಾಡಿದ ಅದೇ ಅಜ್ಜನ ಗದ್ದೆಯಲ್ಲಿ ನೆರೆಗುಳಿ ಅನ್ನುವ ಹಳೇ ತಳಿ ಭತ್ತ ನೀರಿಳಿದ ಮೇಲೆ ಎದ್ದು ನಿಂತಿತು. ಹಳೇದು ಅಂತಲ್ಲ, ಮುಳುಗಿದರೂ ಸಾಯಲ್ಲ ಅಂತ ಅವರು ಬೀಜ ಇಟ್ಟುಕೊಂಡಿದ್ದರು. ಮರುವರ್ಷ ಏಳು ಮನೆಯವರು ಬೀಜ ಕೇಳಿಕೊಂಡು ಹೋದರು. ನಾನೂ ಹೋದೆ. ಅಳೆದು ಕೊಡುವಾಗ ಅಜ್ಜ ಕೊಳಗ ತೋರಿಸಿ, "ಇದು ಸಣ್ಣದೇ ತಮಾ, ಹೆದರಬೇಡ" ಅಂದರು.