ಲೈಸೆನ್ಸ್ ಬರುವ ಮೊದಲೇ ಪಾಯ ತೆಗೆಸಬಹುದಾ?

ಪ್ರಶ್ನೆ: ಗೋಪಾಳದ ಹತ್ತಿರ ನಮ್ಮದು 30x40 ಸೈಟು. ಪ್ಲಾನ್ ಪಾಲಿಕೆಗೆ ಕೊಟ್ಟಾಗಿದೆ, ಲೈಸೆನ್ಸ್ ಬಂದಿಲ್ಲ. ಮಳೆ ಹಿಡಿಯುವುದರೊಳಗೆ ಪಾಯ ತೆಗೆಸಿಬಿಡಿ ಅಂತಾರೆ ಮೇಸ್ತ್ರಿ. ಲೇಔಟ್ ಅಪ್ರೂವ್ ಆಗಿದೆಯಲ್ಲ, ಸಾಲದೇ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಸಾಲದು. ದಯವಿಟ್ಟು ಗುದ್ದಲಿ ಹಾಕಿಸಬೇಡಿ. ಬಡಾವಣೆ ನಕ್ಷೆಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಮನೆಗೆ ಪರವಾನಗಿ ಕೊಡುವುದು ಮಹಾನಗರ ಪಾಲಿಕೆ. ಎರಡೂ ಬೇರೆ.

ಫೈಲು ಎಲ್ಲಿ ನಿಂತಿದೆ ಅಂತ ಮೊದಲು ವಿಚಾರಿಸಿ. ನಾನು ಕಂಡಂತೆ ಹೆಚ್ಚಿನವು ಅಳತೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಖಾತೆಯಲ್ಲಿ ಮೂವತ್ತಡಿ ಇರುತ್ತದೆ, ಟೇಪು ಹಿಡಿದರೆ ಇಪ್ಪತ್ತೊಂಬತ್ತೂವರೆ. ಆ ಅರ್ಧ ಅಡಿ ಪಕ್ಕದವರ ಕಾಂಪೌಂಡಿನೊಳಗೆ ಹೋಗಿರುತ್ತದೆ. ಪ್ಲಾನಿನಲ್ಲಿ ತೋರಿಸಿದ ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ, ಆಗ ಸೈಟಿನಲ್ಲಿ ಕೂರುವುದಿಲ್ಲ. ಕ್ರಯಪತ್ರದಲ್ಲಿ ಬರೆದ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಹಿಡಿದು, ನಾಲ್ಕೂ ಮೂಲೆ ನೀವೇ ಎದುರು ನಿಂತು ಅಳೆಸಿ. ಆಕ್ಷೇಪಣೆ ಏನಿದ್ದರೂ ಬರಹದಲ್ಲೇ ಕೇಳಿ, ಬಾಯಿಮಾತಿಗೆ ದಾಖಲೆಯಿಲ್ಲ.

ಮಳೆಯ ಅವಸರ ನನಗೂ ಅರ್ಥವಾಗುತ್ತದೆ. ಆದರೆ ನಮ್ಮ ಮಲೆನಾಡಿನ ಜೂನ್‌ನಲ್ಲಿ ತೆರೆದ ಗುಂಡಿಗೆ ನೀರು ನಿಂತರೆ ಮಣ್ಣು ಕುಸಿದು ನೆರೆಮನೆಯ ಗೋಡೆಯೇ ವಾಲಬಹುದು. ಪರವಾನಗಿ ಇಲ್ಲದೆ ಆಗ ಯಾರ ಮುಂದೆ ನಿಲ್ಲುತ್ತೀರಿ?

ನಲ್ಲಿ, ಒಳಚರಂಡಿಗೆ ರಸ್ತೆ ಅಗೆಯಲು ಪ್ರತ್ಯೇಕ ಅನುಮತಿ ಬೇಕು. ಗೇಟಿನ ರ‍್ಯಾಂಪಿಗಾಗಿ ಚರಂಡಿ ಮುಚ್ಚಬೇಡಿ, ಇಡೀ ಬೀದಿಯ ನೀರು ಮನೆಗಳಿಗೆ ನುಗ್ಗುತ್ತದೆ.

ಮನೆ ಮುಗಿದ ಒಂದು ತಿಂಗಳೊಳಗೆ, 1976ರ ಪೌರನಿಗಮ ಕಾಯ್ದೆಯಂತೆ, ಪಾಲಿಕೆಗೆ ತಿಳಿಸಿ ವಾಸಕ್ಕೆ ಅನುಮತಿ ಕೇಳಬೇಕು. ಆ ಅನುಮತಿ ಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಹಾಗಾಗಿ ಪ್ಲಾನ್ ಬಿಟ್ಟು ಒಂದು ಕೋಣೆಯನ್ನೂ ಹೆಚ್ಚಿಗೆ ಎತ್ತಬೇಡಿ.